ದಾದಿಯ ಸಂಬಳವೂ ಮರ ಸವರುವವನ ಸಂಬಳವೂ

ಅಮೆರಿಕ ಸಂಯುಕ್ತ ಸಂಸ್ಥಾನದ ಕೊಲರಾಡೊ ರಾಜ್ಯದಲ್ಲಿ, ರಾಕಿ ಪರ್ವತಗಳ ಬುಡದಲ್ಲಿ, ಡೆನ್ವರ್ ಎಂಬ ನಗರವಿದೆ. 1970ರ ದಶಕದಲ್ಲಿ ಆ ಊರಿನ ನಗರಸಭೆಯ ಕೆಲಸದಲ್ಲಿದ್ದ ಕೆಲವು ದಾದಿಯರು ಸೇರಿ ತಮ್ಮ ಒಡೆಯನಾದ ನಗರಸಭೆಯ ಮೇಲೆಯೇ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ವಾದಿಗಳ ಪೈಕಿ ಮೊದಲ ಹೆಸರು ಮೇರಿ ಲೆಮನ್ಸ್ ಎಂಬಾಕೆಯದು. ಕಾನೂನಿನ ಗ್ರಂಥಗಳಲ್ಲಿ ಮೊಕದ್ದಮೆಗೆ ಆಕೆಯ ಹೆಸರೇ ನಿಂತಿದೆ. ದಾದಿಯರ ದೂರು ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದು. ರಸ್ತೆಬದಿಯ ಮರಗಳ ಕೊಂಬೆ ಸವರುವವನಿಗೂ, ಬೋರ್ಡು ಬರೆಯುವವನಿಗೂ ನಗರಸಭೆ ತಮಗಿಂತ ಹೆಚ್ಚು ಸಂಬಳ ಕೊಡುತ್ತಿದೆ. ವರುಷಗಟ್ಟಲೆ ಓದಿ, ಪರೀಕ್ಷೆ ಕೊಟ್ಟು, ರೋಗಿಯ ಪ್ರಾಣವನ್ನು ಕೈಯಲ್ಲಿ ಹಿಡಿದು ನಿಲ್ಲುವ ತಮ್ಮ ಕೆಲಸ ಅದಕ್ಕಿಂತ ಕಡಮೆ ಬೆಲೆಯದೇ?

ಕೇಳಿದರೆ ಯಾರೂ ‘ಹೌದು’ ಎನ್ನಲಾರರು. ಆದರೂ ದಾದಿಯರು ಸೋತರು. ಅವರು ಸೋತ ಬಗೆಯೂ, ಆಮೇಲಿನ ಹತ್ತು ವರುಷಗಳಲ್ಲಿ ಆ ಸೋಲಿನಿಂದ ಹುಟ್ಟಿದ ಮೊಕದ್ದಮೆಗಳ ಸಾಲೂ ನನಗೆ ಬಲು ಕುತೂಹಲದ ವಿಷಯ. ನಾನು ವಕೀಲನಲ್ಲ. ಆದರೆ ಕೆಲವರಿಗೆ ಪತ್ತೇದಾರಿ ಕಾದಂಬರಿ ಓದುವ ಚಟವಿರುವಂತೆ ನನಗೆ ಕೋರ್ಟಿನ ತೀರ್ಪುಗಳನ್ನು ಓದುವ ಚಟವುಂಟು. ಕೊಲೆಯ ಮೊಕದ್ದಮೆಗಿಂತ ಸಂಬಳದ ಮೊಕದ್ದಮೆಯಲ್ಲಿ ಮನುಷ್ಯರ ಮನಸ್ಸು ಹೆಚ್ಚು ಬಯಲಾಗುತ್ತದೆಂದು ನನ್ನ ಅನುಭವ.

ದಾದಿಯರಿಗೆ ಆಧಾರವಾಗಿ ಆಗ ಅಮೆರಿಕದಲ್ಲಿ ಎರಡು ಕಾನೂನುಗಳಿದ್ದುವು. 1963ರ ಸಮಾನ ವೇತನದ ಕಾನೂನು ಒಂದು. ಒಂದೇ ಕೆಲಸ ಮಾಡುವ ಗಂಡಸಿಗೂ ಹೆಂಗಸಿಗೂ ಬೇರೆ ಬೇರೆ ಸಂಬಳ ಕೊಡಕೂಡದೆಂದು ಅದು ಹೇಳಿತು. 1964ರ ನಾಗರಿಕ ಹಕ್ಕುಗಳ ಕಾನೂನು ಇನ್ನೊಂದು. ಬಣ್ಣ, ಮತ, ಜನಾಂಗಗಳ ಜೊತೆಗೆ ಹೆಣ್ಣು ಗಂಡೆಂಬ ಕಾರಣಕ್ಕಾಗಿಯೂ ಉದ್ಯೋಗದಲ್ಲಿ ಭೇದ ಮಾಡಕೂಡದೆಂದು ಅದರ ಏಳನೆಯ ಅಧ್ಯಾಯ ವಿಧಿಸಿತು. ಮೊದಲನೆಯದು ದಾದಿಯರಿಗೆ ಕೆಲಸಕ್ಕೆ ಬರಲಿಲ್ಲ. ಗಂಡು ದಾದಿ ಇದ್ದರೆ ತಾನೆ ಅವನೊಡನೆ ಹೋಲಿಕೆ? ಇದ್ದ ಒಬ್ಬಿಬ್ಬರಿಗೂ ಅದೇ ಕಡಮೆ ಸಂಬಳವೇ. ಕೆಲಸಕ್ಕೆ ಕೆಲಸವೇ ಹೆಂಗಸರದೆಂದು ಮುದ್ರೆ ಬಿದ್ದಮೇಲೆ ಅದರೊಳಗೆ ಭೇದವನ್ನು ಹುಡುಕುವುದೆಲ್ಲಿ? ಆದುದರಿಂದ ಅವರು ಎರಡನೆಯ ಕಾನೂನನ್ನು ಹಿಡಿದು ಹೊಸದೊಂದು ವಾದ ಹೂಡಿದರು: ಕೆಲಸ ಒಂದೇ ಆಗಿರಬೇಕಾಗಿಲ್ಲ, ಕೆಲಸದ ಯೋಗ್ಯತೆ ಸಮನಾಗಿದ್ದರೆ ಸಂಬಳವೂ ಸಮನಾಗಿರಬೇಕು.

ನಗರಸಭೆಯ ಉತ್ತರ ಸರಳವಾಗಿತ್ತು. ಊರಿನಲ್ಲಿ ಯಾವ ಕೆಲಸಕ್ಕೆ ಯಾವ ದರ ನಡೆಯುತ್ತಿದೆಯೋ ನಾವೂ ಅದನ್ನೇ ಕೊಡುತ್ತೇವೆ. ಖಾಸಗಿ ಆಸ್ಪತ್ರೆಗಳಲ್ಲಿ ದಾದಿಗೆ ಎಷ್ಟಿದೆಯೋ ಇಲ್ಲಿಯೂ ಅಷ್ಟೆ. ಇದರಲ್ಲಿ ನಮ್ಮ ಪಾಪವೇನು?

ಇದು ಸಂತೆಯಲ್ಲಿ ನಾವು ದಿನವೂ ಕೇಳುವ ಉತ್ತರವೇ. ಆದರೆ ದಾದಿಯರ ಮರುಪ್ರಶ್ನೆ ಹರಿತವಾಗಿತ್ತು. ಆ ಪೇಟೆಯ ದರ ಹುಟ್ಟಿದ್ದು ಹೇಗೆ? ಹೆಂಗಸರಿಗೆ ಬೇರೆ ಬಾಗಿಲುಗಳೆಲ್ಲ ಮುಚ್ಚಿದ್ದ ಕಾಲದಲ್ಲಿ, ಗುಮಾಸ್ತೆ, ಉಪಾಧ್ಯಾಯಿನಿ, ದಾದಿ ಎಂಬ ಮೂರು ಬಾಗಿಲುಗಳ ಮುಂದೆ ಎಲ್ಲರೂ ನೂಕುನುಗ್ಗಲಾಗಿ ನಿಂತಿದ್ದ ಕಾಲದಲ್ಲಿ ನಿಂತ ದರವದು. ತಕ್ಕಡಿಯೇ ಒಂದು ಕಡೆಗೆ ವಾಲಿದ್ದಾಗ, ಅದರಲ್ಲಿ ತೂಗಿದ್ದೇನೆಂದು ಪ್ರಮಾಣ ಮಾಡಿ ಫಲವೇನು?

1978ರಲ್ಲಿ ತೀರ್ಪು ಕೊಟ್ಟ ಫ್ರೆಡ್ ವಿನ್ನರ್ ಎಂಬ ಜಡ್ಜು ಅಪ್ರಾಮಾಣಿಕನಲ್ಲ. ದಾದಿಯರ ಕಸುಬಿಗೆ ಹಿಂದಿನಿಂದಲೂ ಕಡಮೆ ಬೆಲೆ ಕಟ್ಟಲಾಗಿದೆ ಎಂಬುದನ್ನು ಆತ ಒಪ್ಪಿಕೊಂಡ. ಆದರೆ ಈ ವಾದವನ್ನು ಒಪ್ಪಿದರೆ ಅಮೆರಿಕದ ಇಡೀ ಆರ್ಥಿಕ ವ್ಯವಸ್ಥೆಯೇ ಬುಡಮೇಲಾದೀತು, ಆ ಕೆಲಸಕ್ಕೆ ತಾನು ಕೈಹಾಕಲಾರೆ ಎಂದು ಹೇಳಿ ದಾವೆಯನ್ನು ವಜಾ ಮಾಡಿದ. 1980ರಲ್ಲಿ ಹತ್ತನೆಯ ವಿಭಾಗದ ಅಪೀಲು ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರುಷ ಸುಪ್ರೀಂ ಕೋರ್ಟು ಅಪೀಲನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಬೇಡಿಕೆ ತಪ್ಪೆಂದು ಯಾರೂ ಹೇಳಲಿಲ್ಲ, ದೊಡ್ಡದೆಂದು ಹೇಳಿದರು. ಸಾಲ ಹತ್ತು ರೂಪಾಯಿಯಾದರೆ ತೀರಿಸಬೇಕು, ಹತ್ತು ಕೋಟಿಯಾದರೆ ತೀರಿಸಬೇಕಾಗಿಲ್ಲ ಎಂದಂತಾಯಿತಲ್ಲವೆ ಎಂದು ಆ ತೀರ್ಪಿನ ವಿಚಾರ ಓದಿದಾಗ ನನಗನ್ನಿಸಿತು. ಆದರೆ ಅವಸರಪಡಬಾರದು, ಜಡ್ಜಿನ ಕಷ್ಟವೂ ಸುಳ್ಳಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಇಲ್ಲಿ ಶಬ್ದಗಳ ವಿಚಾರವಾಗಿ ಒಂದು ಮಾತು. ನಾವು ದಾದಿಯ ಕೆಲಸವನ್ನು ‘ಶುಶ್ರೂಷೆ’ ಎನ್ನುತ್ತೇವೆ. ಸಂಸ್ಕೃತದಲ್ಲಿ ಆ ಶಬ್ದದ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’. ಗುರುವಿನ ಮಾತನ್ನು, ಯಜಮಾನನ ಮಾತನ್ನು ಕೇಳಲು ಕಾದು ನಿಲ್ಲುವುದು. ಅದರಿಂದ ವಿಧೇಯತೆ, ಅದರಿಂದ ಸೇವೆ, ಕಡೆಗೆ ರೋಗಿಯ ಆರೈಕೆ. ‘ದಾದಿ’ ಎಂದರೆ ಮೊದಲು ಎದೆಹಾಲೂಡಿಸಿ ಸಾಕುವವಳು. ಇಂಗ್ಲಿಷಿನ ‘ನರ್ಸ್’ ಶಬ್ದದ ಚರಿತ್ರೆಯೂ ಅದೇ. ಆಸ್ಪತ್ರೆಗಳಲ್ಲಿ ನಾವು ಕೂಗುವ ‘ಸಿಸ್ಟರ್’ ಎಂಬ ಹೆಸರು ಯೂರೋಪಿನ ಕ್ರೈಸ್ತ ಸನ್ಯಾಸಿನಿಯರಿಂದ ಬಂದದ್ದು. ಅವರು ಸಂಬಳಕ್ಕಾಗಿ ದುಡಿದವರೇ ಅಲ್ಲ. ಮಗಳು, ತಾಯಿ, ಸನ್ಯಾಸಿನಿ: ಈ ಮೂವರೂ ಮಾಡುವ ಕೆಲಸಕ್ಕೆ ಕೂಲಿಯಿಲ್ಲ. ಆ ಹೆಸರುಗಳನ್ನೇ ಹೊತ್ತು ಬಂದವಳು ಕೂಲಿ ಕೇಳಿದರೆ ಲೋಕಕ್ಕೆ ಸ್ವಲ್ಪ ಮುಜುಗರವಾಗುತ್ತದೆ. ಮರ ಸವರುವವನಿಗೆ ಈ ತೊಂದರೆಯಿಲ್ಲ. ಅವನನ್ನು ಯಾರೂ ಅಣ್ಣ ಎಂದು ಕರೆದು ಸಂಬಳ ಕಡಮೆ ಮಾಡಲಿಲ್ಲ.

ಇರಲಿ. ಡೆನ್ವರಿನ ದಾದಿಯರು ಸೋತ ಮರುವರುಷವೇ, 1981ರಲ್ಲಿ, ಬಾಗಿಲು ಒಂದಿಷ್ಟು ತೆರೆಯಿತು. ತೆರೆದವರು ದಾದಿಯರಲ್ಲ, ಒರೆಗಾನ್ ರಾಜ್ಯದ ವಾಷಿಂಗ್ಟನ್ ಕೌಂಟಿಯ ಜೈಲಿನಲ್ಲಿ ಹೆಣ್ಣು ಕೈದಿಗಳನ್ನು ಕಾಯುತ್ತಿದ್ದ ಹೆಂಗಸರು. ಗಂಡು ಕಾವಲುಗಾರರ ಕೆಲಸಕ್ಕೆ ಹೋಲಿಸಿದರೆ ಇವರ ಕೆಲಸ ನೂರಕ್ಕೆ 95ರಷ್ಟು ಬೆಲೆಯುಳ್ಳದ್ದೆಂದು ಕೌಂಟಿಯೇ ನಡೆಸಿದ ಅಂದಾಜಿನಲ್ಲಿ ತಿಳಿದಿತ್ತು. ಕೊಡುತ್ತಿದ್ದುದು ನೂರಕ್ಕೆ ಸುಮಾರು 70. ಕೆಲಸ ಒಂದೇ ಅಲ್ಲದಿದ್ದರೂ ಇಂಥ ದೂರನ್ನು 1964ರ ಕಾನೂನಿನ ಕೆಳಗೆ ತರಬಹುದೆಂದು ಸುಪ್ರೀಂ ಕೋರ್ಟು ಒಂಬತ್ತರಲ್ಲಿ ಐದು ಮತಗಳಿಂದ ತೀರ್ಪಿತ್ತಿತು. ‘ಸಮಾನ ಯೋಗ್ಯತೆ’ಯ ವಾದವನ್ನು ತಾನು ಒಪ್ಪಿದೆನೆಂದು ತಿಳಿಯಬೇಡಿ ಎಂದು ಜಸ್ಟಿಸ್ ಬ್ರೆನನ್ ಎಚ್ಚರಿಕೆ ಹೇಳಲು ಮರೆಯಲಿಲ್ಲ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡ ತೀರ್ಪು.

ಇನ್ನು ಈ ಚರಿತ್ರೆಯ ಮುಖ್ಯ ಕಥೆಗೆ ಬರುತ್ತೇನೆ. ಅದು ನಡೆದದ್ದು ಪಶ್ಚಿಮ ಕರಾವಳಿಯ ವಾಷಿಂಗ್ಟನ್ ರಾಜ್ಯದಲ್ಲಿ. 1974ರಲ್ಲಿ ಅಲ್ಲಿನ ಸರಕಾರ ನಾರ್ಮನ್ ವಿಲ್ಲಿಸ್ ಎಂಬ ಸಲಹೆಗಾರನನ್ನು ಕರೆದು, ಹೆಚ್ಚಾಗಿ ಹೆಂಗಸರೇ ಇರುವ ಹುದ್ದೆಗಳನ್ನೂ ಹೆಚ್ಚಾಗಿ ಗಂಡಸರೇ ಇರುವ ಹುದ್ದೆಗಳನ್ನೂ, ಒಟ್ಟು 121 ಬಗೆಗಳನ್ನು, ಅಳೆದು ಕೊಡಬೇಕೆಂದು ಹೇಳಿತು. ಅಳೆಯುವುದು ಹೇಗೆ? ಪರೀಕ್ಷೆಯ ಉತ್ತರಪತ್ರಿಕೆಗೆ ಅಂಕ ಹಾಕುವ ಹಾಗೆಯೇ. ತಿಳಿವಳಿಕೆಗೆ ಇಷ್ಟು, ಬುದ್ಧಿಯ ಶ್ರಮಕ್ಕೆ ಇಷ್ಟು, ಹೊಣೆಗೆ ಇಷ್ಟು, ಕೆಲಸದ ಪರಿಸ್ಥಿತಿಗೆ ಇಷ್ಟು ಎಂದು ಅಂಕ ಹಾಕಿ ಕೂಡಿಸಿದರು. ಒಂದೇ ಮೊತ್ತದ ಅಂಕ ಬಂದ ಹುದ್ದೆಗಳಲ್ಲಿ ಹೆಂಗಸರ ಹುದ್ದೆಗೆ ನೂರಕ್ಕೆ ಸುಮಾರು 20ರಷ್ಟು ಕಡಮೆ ಸಂಬಳವಿರುವುದು ಕಂಡುಬಂತು. ದಾದಿಯ ಒಂದು ದರ್ಜೆಗೆ 573 ಅಂಕ ಬಂದಿತ್ತು; ಗಣಕಯಂತ್ರದ ವಿಶ್ಲೇಷಕನಿಗೆ 426. ಪೇಟೆಯ ಲೆಕ್ಕ ಇದಕ್ಕೆ ತಿರುಗುಮುರುಗು. 1981ರಲ್ಲಿ ದೇಶದ ಒಟ್ಟು ಲೆಕ್ಕ ತೆಗೆದರೆ ಆ ವಿಶ್ಲೇಷಕನ ಗಳಿಕೆ ದಾದಿಯದಕ್ಕಿಂತ ನೂರಕ್ಕೆ 56ರಷ್ಟು ಹೆಚ್ಚಾಗಿತ್ತು.

ಮುಂದೇನಾಯಿತೆಂಬುದನ್ನು ಸರಕಾರದ ಕಚೇರಿಗಳನ್ನು ಬಲ್ಲ ಓದುಗರು ಊಹಿಸಬಲ್ಲರು. ವರದಿ ಕಪಾಟು ಸೇರಿತು. ಗವರ್ನರ್ ಇವಾನ್ಸ್ ಅಧಿಕಾರ ಬಿಡುವ ಮೊದಲು ಇದಕ್ಕಾಗಿ ಬಜೆಟ್ಟಿನಲ್ಲಿ 70 ಲಕ್ಷ ಡಾಲರು ತೆಗೆದಿರಿಸಿದ. ಆತನ ನಂತರ ಬಂದ ಗವರ್ನರ್ ಅದನ್ನು ಹೊಡೆದುಹಾಕಿದರು. ಹಾಗೆ ಹೊಡೆದುಹಾಕಿದ್ದು ಡಿಕ್ಸಿ ಲೀ ರೇ, ಆ ರಾಜ್ಯದ ಮೊಟ್ಟಮೊದಲ ಮಹಿಳಾ ಗವರ್ನರ್! ಕಡೆಗೆ ನೌಕರರ ಸಂಘ 1982ರಲ್ಲಿ ಕೋರ್ಟಿಗೆ ಹೋಯಿತು. 1983ರಲ್ಲಿ ಜಡ್ಜು ಜ್ಯಾಕ್ ಟ್ಯಾನರ್ ನೌಕರರ ಪರವಾಗಿ ತೀರ್ಪಿತ್ತ. ಅನ್ಯಾಯ ನಡೆದಿದೆಯೆಂದು ಸರಕಾರಕ್ಕೇ ತನ್ನ ವರದಿಯಿಂದ ತಿಳಿದಿತ್ತು. ತಿಳಿದೂ ಸರಿಪಡಿಸದಿದ್ದರೆ ಅದು ಬುದ್ಧಿಪೂರ್ವಕವಾದ ಭೇದ ಎಂಬುದು ಆತನ ತರ್ಕ. 1985ರಲ್ಲಿ ಒಂಬತ್ತನೆಯ ವಿಭಾಗದ ಅಪೀಲು ಕೋರ್ಟು ಇದನ್ನು ತಳ್ಳಿಹಾಕಿತು. ತೀರ್ಪು ಬರೆದಾತ ಆಂಟನಿ ಕೆನಡಿ, ಮುಂದೆ ಸುಪ್ರೀಂ ಕೋರ್ಟಿನ ಜಡ್ಜಾದವನು. ಪೇಟೆಯ ದರವನ್ನು ಸೃಷ್ಟಿಸಿದ್ದು ಸರಕಾರವಲ್ಲ; ವರದಿ ತರಿಸಿದ ಮಾತ್ರಕ್ಕೆ ಅದಕ್ಕೆ ಬದ್ಧವಾಗಬೇಕಾಗಿಲ್ಲ ಎಂದು ಆತ ಹೇಳಿದ. ಹಾಗಲ್ಲದಿದ್ದರೆ ಮುಂದೆ ಯಾವ ಸರಕಾರವೂ ಇಂಥ ಅಳತೆಯ ಗೋಜಿಗೇ ಹೋಗಲಾರದು ಎಂಬ ವಾದದಲ್ಲಿ ಸತ್ವವಿದೆಯೆಂದು ಒಪ್ಪಲೇಬೇಕು.

ಕೋರ್ಟಿನಲ್ಲಿ ಸೋತವರು ಕೋರ್ಟಿನ ಹೊರಗೆ ಗೆದ್ದರು. ಅದೇ ವರುಷದ ಡಿಸೆಂಬರ್ 31ರಂದು, ಮುಂದಿನ ಅಪೀಲಿಗೆ ಕಾಯದೆ, ಸರಕಾರವೂ ಸಂಘವೂ ರಾಜಿ ಮಾಡಿಕೊಂಡುವು. ಕೆಲವು ವರುಷಗಳಲ್ಲಿ ಕಂತುಕಂತಾಗಿ ಸುಮಾರು 10 ಕೋಟಿ ಡಾಲರು ಹಂಚುವುದೆಂದು ಒಪ್ಪಂದ. ಮಿನೆಸೋಟ ರಾಜ್ಯವಂತೂ ಕೋರ್ಟಿನ ಮುಖವನ್ನೇ ನೋಡದೆ 1982ರಲ್ಲಿ ತಾನೇ ಕಾನೂನು ಮಾಡಿ ಹುದ್ದೆಗಳನ್ನು ಅಳೆಯಿಸಿ ಸಂಬಳ ಸರಿಪಡಿಸಿತು. ಖರ್ಚಾದದ್ದು ಒಟ್ಟು ಸಂಬಳದ ಬಾಬಿನಲ್ಲಿ ನೂರಕ್ಕೆ ನಾಲ್ಕಕ್ಕೂ ಕಡಮೆ. ಆರ್ಥಿಕ ವ್ಯವಸ್ಥೆ ಬುಡಮೇಲಾದ ಸುದ್ದಿ ಅಲ್ಲಿಂದ ಬರಲಿಲ್ಲ. ಈ ಮಧ್ಯೆ ರಾಜಧಾನಿಯಲ್ಲಿ ನಾಗರಿಕ ಹಕ್ಕುಗಳ ಕಮಿಷನ್ನಿನ ಅಧ್ಯಕ್ಷನೇ ಈ ವಾದವನ್ನು ಮಕ್ಕಳ ವ್ಯಂಗ್ಯಚಿತ್ರದ ಹುಚ್ಚಾಟಕ್ಕೆ ಹೋಲಿಸಿ ನಗೆಯಾಡಿದ.

1986ರಲ್ಲಿ ಇಲಿನಾಯ್ ರಾಜ್ಯ ಸರಕಾರದ ಮೇಲೆ ದಾದಿಯರ ಸಂಘ ಹೂಡಿದ ದಾವೆಯಲ್ಲಿ ಬಂದ ತೀರ್ಪು ಈ ಸಾಲಿನಲ್ಲಿ ಅತ್ಯಂತ ಬುದ್ಧಿವಂತಿಕೆಯದು. ಬರೆದಾತ ರಿಚರ್ಡ್ ಪೋಸ್ನರ್. ಅರ್ಥಶಾಸ್ತ್ರವನ್ನು ಅರೆದು ಕುಡಿದ ಜಡ್ಜು. ನಾನು ಮೇಲೆ ಹೇಳಿದ ‘ಜಡ್ಜಿನ ಕಷ್ಟ’ವನ್ನು ಈತ ಚೆನ್ನಾಗಿ ವಿವರಿಸಿದ್ದಾನೆ. ಕೆಲಸದ ಯೋಗ್ಯತೆಯನ್ನು ಅಂಕಗಳಿಂದ ಅಳೆಯಬಹುದು. ಆದರೆ ತಿಳಿವಳಿಕೆಗೆ ಎಷ್ಟು, ಹೊಣೆಗೆ ಎಷ್ಟು, ಅಪಾಯಕ್ಕೆ ಎಷ್ಟು ಎಂದು ಗೊತ್ತುಮಾಡುವವರು ಯಾರು? ಎತ್ತರದ ಕೊಂಬೆಯ ಮೇಲೆ ಗರಗಸ ಹಿಡಿದು ನಿಂತವನ ಪ್ರಾಣಭಯಕ್ಕೆ ಎಷ್ಟು ಅಂಕವೆಂದು ಕಾನೂನಿನ ಪುಸ್ತಕದಲ್ಲಿ ಬರೆದಿಲ್ಲ. ಪೇಟೆಯ ದರ ಕೊಟ್ಟ ಮಾತ್ರಕ್ಕೆ ಭೇದವೆನ್ನಲಾಗದು ಎಂದು ಪೋಸ್ನರ್ ಹೇಳಿದ. ಆದರೂ ಕೆಳಗಿನ ಕೋರ್ಟು ವಿಚಾರಣೆಯೇ ಇಲ್ಲದೆ ದಾವೆ ವಜಾ ಮಾಡಿದ್ದು ತಪ್ಪೆಂದು ತಿರುಗಿ ಕಳುಹಿಸಿದ: ಹೆಂಗಸರ ಹುದ್ದೆ ಎಂಬ ಕಾರಣಕ್ಕೇ ಬೇಕೆಂದು ಸಂಬಳ ತಗ್ಗಿಸಿದ್ದಾರೆಂದು ದಾದಿಯರು ತೋರಿಸಬಲ್ಲರಾದರೆ ತೋರಿಸಲಿ.

ಅಳತೆಗೋಲಿನ ಈ ತೊಡಕು ನಿಜವಾಗಿ ಬಿಚ್ಚಿಕೊಂಡದ್ದು ಕೆನಡಾದ ಒಂಟೇರಿಯೊ ಪ್ರಾಂತದಲ್ಲಿ. ಅಲ್ಲಿ 1987ರಲ್ಲಿ ಕಾನೂನೇ ಬಂತು. ಕೆಲಸಗಳ ಯೋಗ್ಯತೆಯನ್ನು ಹೋಲಿಸಿಯೇ ತೀರಬೇಕು. ಹಾಲ್ಡಿಮಂಡ್-ನಾರ್‌ಫಕ್ ಎಂಬ ಸ್ಥಳೀಯ ಸರಕಾರದ ದಾದಿಯರು ತಮ್ಮನ್ನು ಪೋಲೀಸರೊಡನೆ ಹೋಲಿಸಬೇಕೆಂದು ಕೇಳಿದರು. ಅಳೆಯಬೇಕೆಂಬುದು ತೀರ್ಮಾನವಾಗಿತ್ತು, ಯಾವ ಗೋಲಿನಿಂದ ಎಂಬುದೇ ಜಗಳ. 1991ರಲ್ಲಿ ಅಲ್ಲಿನ ನ್ಯಾಯಮಂಡಲಿ ಕೊಟ್ಟ ತೀರ್ಪು, ಒಡೆಯನ ಅಳತೆಗೋಲಿಗೆ ದಾದಿಯ ಕೆಲಸ ಕಾಣಿಸುವುದೇ ಇಲ್ಲವೆಂದು ತಿಳಿಸಿತು. ಪೋಲೀಸಿನವನ ಕೆಲಸ ಕಣ್ಣಿಗೆ ಬೀಳುವಂಥದು. ಸಾಯುತ್ತಿರುವವನ ಮಗ್ಗುಲಲ್ಲಿ ಕುಳಿತು ಅವನ ಮನೆಯವರನ್ನು ಸಂತೈಸುವುದು, ಮಲಮೂತ್ರ ರಕ್ತಗಳ ನಡುವೆ ಮುಖದ ಕಳೆ ಕೆಡಿಸಿಕೊಳ್ಳದಿರುವುದು, ಸಿಡುಕುವ ರೋಗಿಯನ್ನೂ ಸಿಡುಕುವ ಡಾಕ್ಟರನ್ನೂ ಏಕಕಾಲದಲ್ಲಿ ನಿಭಾಯಿಸುವುದು: ಇವಕ್ಕೆ ಹಳೆಯ ಪಟ್ಟಿಗಳಲ್ಲಿ ಅಂಕಣವೇ ಇರಲಿಲ್ಲ. ಹೆಂಗಸರ ಸ್ವಭಾವವೆಂದು ತಿಳಿದಿದ್ದನ್ನು ಕೆಲಸವೆಂದು ಯಾರು ಬರೆದಿಟ್ಟಾರು? ಅಳೆಯುವ ಮೊದಲು ಕಾಣಬೇಕು ಎಂಬ ಈ ತೀರ್ಪು ಇಷ್ಟು ತೀರ್ಪುಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು.

ಇಷ್ಟೆಲ್ಲ ಓದಿದ ಮೇಲೆ ನಮ್ಮ ದೇಶದ ಕಡೆಗೆ ತಿರುಗಿದರೆ ಚಿತ್ರ ಬೇರೆಯೇ ಆಗಿ ಕಾಣುತ್ತದೆ. ನಮ್ಮ ಸಂವಿಧಾನದ 39ನೆಯ ಅನುಚ್ಛೇದದಲ್ಲಿ, ಗಂಡಸರಿಗೂ ಹೆಂಗಸರಿಗೂ ಸಮಾನ ಕೆಲಸಕ್ಕೆ ಸಮಾನ ವೇತನವಿರಬೇಕೆಂಬ ಮಾತು ಮೊದಲಿನಿಂದಲೂ ಇದೆ. ಆದರೆ ಅದು ನಿರ್ದೇಶಕ ತತ್ವ. ಕೋರ್ಟಿನಲ್ಲಿ ನೇರವಾಗಿ ಹಿಡಿದು ಕೇಳುವಂಥದಲ್ಲ. 1962ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬರಿಯ ಅಮೂರ್ತ ತತ್ವವೆಂದು ಬದಿಗೆ ಸರಿಸಿತ್ತು. ಅದಕ್ಕೆ ಜೀವ ಬಂದದ್ದು 1982ರಲ್ಲಿ, ದಿಲ್ಲಿ ಪೋಲೀಸಿನ ರಣಧೀರ್ ಸಿಂಗ್ ಎಂಬ ಡ್ರೈವರ್-ಕಾನ್‌ಸ್ಟೇಬಲ್ ಒಬ್ಬನಿಂದ. ಅವನ ಶ್ರೇಣಿ 210 ರೂಪಾಯಿಯಿಂದ ಮೊದಲು. ರೈಲ್ವೆ ರಕ್ಷಣಾ ದಳದ ಡ್ರೈವರಿನದು 260ರಿಂದ. ವಾಹನ ಒಂದೇ, ರಸ್ತೆ ಒಂದೇ, ಸಂಬಳ ಮಾತ್ರ ಎರಡೇಕೆ? ಜಸ್ಟಿಸ್ ಚಿನ್ನಪ್ಪ ರೆಡ್ಡಿಯವರು ಅವನಿಗೆ ಸಮಾನ ಶ್ರೇಣಿಯನ್ನು 1973ರ ಜನವರಿ 1ರಿಂದಲೇ ಕೊಡಿಸಿದರು.

ಆ ಬಾಗಿಲಿನಿಂದ ನುಗ್ಗಿದವರು ಲೆಕ್ಕವಿಲ್ಲದಷ್ಟು. ಗುಮಾಸ್ತರು, ಸ್ಟೆನೋಗ್ರಾಫರುಗಳು, ದಿನಗೂಲಿಯವರು ಎಲ್ಲರೂ ಬಂದರು. ಕೋರ್ಟಿಗೆ ದಿಗಿಲಾಯಿತೋ ಏನೋ. 1988ರಲ್ಲಿ ಉತ್ತರ ಪ್ರದೇಶದ ಚೌರಾಸಿಯಾ ಎಂಬವರ ಮೊಕದ್ದಮೆಯಲ್ಲಿ, ಹುದ್ದೆ ಹುದ್ದೆಗಳನ್ನು ತೂಗಿ ನೋಡುವುದು ವೇತನ ಆಯೋಗದಂಥ ತಜ್ಞ ಮಂಡಲಿಗೆ ಬಿಟ್ಟ ಕೆಲಸ, ಕೋರ್ಟು ಸಾಮಾನ್ಯವಾಗಿ ಅದರಲ್ಲಿ ಕೈಹಾಕಬಾರದೆಂದು ತೀರ್ಮಾನವಾಯಿತು. ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ಜಸ್ಟಿಸ್ ಕೆ. ಜಗನ್ನಾಥ ಶೆಟ್ಟಿಯವರು. ಮುಂದೆ ಕೆಳಗಿನ ಕೋರ್ಟುಗಳ ನ್ಯಾಯಾಧೀಶರ ಸಂಬಳವನ್ನು ಗೊತ್ತುಮಾಡಲು ಪ್ರತ್ಯೇಕ ಆಯೋಗ ಬೇಕೆಂದು ಸುಪ್ರೀಂ ಕೋರ್ಟೇ ಅಪ್ಪಣೆ ಮಾಡಿದಾಗ, 1996ರಲ್ಲಿ ಅದಕ್ಕೆ ಅಧ್ಯಕ್ಷರಾದವರೂ ಶೆಟ್ಟಿಯವರೇ. 2002ರಲ್ಲಿ ಕೋರ್ಟು ಅದರ ಶಿಫಾರಸುಗಳನ್ನು ಬಹುಮಟ್ಟಿಗೆ ಜಾರಿಗೆ ತರಿಸಿತು. ನ್ಯಾಯಾಧೀಶರಿಗೆ ದೊರೆತ ಈ ಅನುಕೂಲ ದಾದಿಯರಿಗೆ ದೊರೆಯಲಿಲ್ಲವೆಂದು ನಾನು ಹೇಳಿದರೆ ಕೋರ್ಟಿಗೆ ಅಗೌರವವಾಗಲಾರದೆಂದು ನಂಬುತ್ತೇನೆ.

ಆಗಲಿ, ಆಯೋಗಗಳು ದಾದಿಗೆ ಏನು ಮಾಡಿದುವು? ಕೇಂದ್ರ ಸರಕಾರದ ಆಸ್ಪತ್ರೆಯ ಸ್ಟಾಫ್ ನರ್ಸಿನ ಶ್ರೇಣಿ ಮೂರನೆಯ ಆಯೋಗದ ಕಾಲದಲ್ಲಿ 425-640. ನಾಲ್ಕನೆಯದರಲ್ಲಿ, 1986ರಿಂದ, 1400-2600. ಐದನೆಯದರಲ್ಲಿ, 1996ರಿಂದ, 5000-8000. ಮೇಲುನೋಟಕ್ಕೆ ಏರಿದೆ, ಪಕ್ಕದ ಹುದ್ದೆಗಳೊಡನೆ ಇಟ್ಟು ನೋಡಿದರೆ ಇದ್ದಲ್ಲೇ ಇದೆ. ನಿಜವಾಗಿ ಒಂದು ಮೆಟ್ಟಲು ಏರಿದ್ದು ಆರನೆಯ ಆಯೋಗದಲ್ಲಿ. 5000-8000ರ ಶ್ರೇಣಿಯವರಿಗೆ ಸಾಮಾನ್ಯವಾಗಿ 4200 ರೂಪಾಯಿ ಗ್ರೇಡ್ ಪೇ ಬಂದರೆ, ದಾದಿಯರಿಗೆ 2006ರಿಂದ 4600 ಬಂತು. ಏಳನೆಯದರಲ್ಲಿ, 2016ರಿಂದ, ಅದು ತಿಂಗಳಿಗೆ 44,900 ರೂಪಾಯಿಯ ಆರಂಭದ ಸಂಬಳವಾಯಿತು. ಆರನೆಯ ಆಯೋಗದ ಅಧ್ಯಕ್ಷರು ಜಸ್ಟಿಸ್ ಬಿ. ಎನ್. ಶ್ರೀಕೃಷ್ಣ, ಬೆಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದವರು. ಡೆನ್ವರಿನಲ್ಲಿ ಕೋರ್ಟಿಗೆ ಅಸಾಧ್ಯವಾದದ್ದು ಇಲ್ಲಿ ಆಯೋಗದ ವರದಿಯ ಕೋಷ್ಟಕವೊಂದರಲ್ಲಿ ಸದ್ದಿಲ್ಲದೆ ಆಗಿಹೋಯಿತು.

ಆದರೆ ಎಲ್ಲರಿಗೂ ಅಲ್ಲ. ಆ ಶ್ರೇಣಿಯ ಹೊರಗೆ ಗುತ್ತಿಗೆಯ ದಾದಿಯರ ದೊಡ್ಡ ಗುಂಪೇ ಬೆಳೆದುನಿಂತಿದೆ. ಒಂದೇ ವಾರ್ಡು, ಒಂದೇ ರಾತ್ರಿ ಪಾಳಿ, ಒಂದೇ ಬಿಳಿಯ ಉಡುಪು. ತಿಂಗಳ ಕಡೆಯಲ್ಲಿ ಮಾತ್ರ ಎರಡು ಬಗೆಯ ಸಂಬಳ. 2016ರ ಅಕ್ಟೋಬರಿನಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಮೊಕದ್ದಮೆಯಲ್ಲಿ, ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಕಾಯಂ ಶ್ರೇಣಿಯ ಕನಿಷ್ಠ ಸಂಬಳವನ್ನಾದರೂ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಇಲ್ಲಿಯೂ ದಾದಿಯನ್ನು ಮರ ಸವರುವವನೊಡನೆ ಹೋಲಿಸುವ ಪ್ರಮೇಯವಿಲ್ಲ. ದಾದಿಯನ್ನು ದಾದಿಯೊಡನೆ ಹೋಲಿಸುವುದಕ್ಕೇ ಇನ್ನೂ ಕೋರ್ಟು ಬೇಕಾಗಿದೆ.

ಅಮೆರಿಕದ ಕಥೆಗೆ ತೀರ ವಿಲೋಮವಾದದ್ದು ಇನ್ನೊಂದಿದೆ. ಖಾಸಗಿ ಆಸ್ಪತ್ರೆಯ ದಾದಿಯರ ಕಷ್ಟವನ್ನು ಹೇಳಿಕೊಂಡು, 1908ರಲ್ಲಿ ಹುಟ್ಟಿದ ಭಾರತದ ತರಬೇತಾದ ದಾದಿಯರ ಸಂಘ 2011ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2016ರ ಜನವರಿಯಲ್ಲಿ ಕೋರ್ಟು, ಈ ವಿಷಯಕ್ಕೆ ಒಂದು ಸಮಿತಿ ಮಾಡಿರೆಂದು ಕೇಂದ್ರ ಸರಕಾರಕ್ಕೆ ಹೇಳಿತು. ಡೆನ್ವರಿನಲ್ಲಿ ಸರಕಾರಿ ದಾದಿಯ ಸಂಬಳಕ್ಕೆ ಖಾಸಗಿ ಪೇಟೆ ಅಳತೆಗೋಲಾಗಿತ್ತು. ನಮ್ಮ ಸಮಿತಿ ಖಾಸಗಿ ದಾದಿಯ ಸಂಬಳಕ್ಕೆ ಸರಕಾರಿ ಶ್ರೇಣಿಯನ್ನೇ ಅಳತೆಗೋಲು ಮಾಡಿತು. ಇನ್ನೂರು ಹಾಸಿಗೆಗೆ ಮೇಲ್ಪಟ್ಟ ಆಸ್ಪತ್ರೆಯಲ್ಲಿ ರಾಜ್ಯ ಸರಕಾರದ ಅದೇ ದರ್ಜೆಯ ದಾದಿಗೆ ಇರುವಷ್ಟೇ ಸಂಬಳ. ನೂರರಿಂದ ಇನ್ನೂರರವರೆಗೆ ಅದಕ್ಕಿಂತ ನೂರಕ್ಕೆ 10ಕ್ಕಿಂತ ಹೆಚ್ಚು ಕಡಮೆಯಾಗಕೂಡದು. ಐವತ್ತರಿಂದ ನೂರರವರೆಗೆ ನೂರಕ್ಕೆ 25ಕ್ಕಿಂತ. ಅದಕ್ಕೂ ಚಿಕ್ಕ ಆಸ್ಪತ್ರೆಯಲ್ಲಿ ತಿಂಗಳಿಗೆ 20,000 ರೂಪಾಯಿಗೆ ಇಳಿಯಕೂಡದು. ಜಾರಿಗೆ ತರುವ ಕೆಲಸ ರಾಜ್ಯಗಳಿಗೆ ಬಿತ್ತು. ಕೇರಳದಲ್ಲಿ ದಾದಿಯರು ಬೀದಿಗಿಳಿದು ಮುಷ್ಕರ ಹೂಡಿದ ಮೇಲೆ ಅಲ್ಲಿನ ಸರಕಾರ 2018ರ ಏಪ್ರಿಲಿನಲ್ಲಿ 20,000ದ ಕನಿಷ್ಠ ಸಂಬಳವನ್ನು ಆಜ್ಞೆಯಾಗಿ ಹೊರಡಿಸಿತು.